ರ‍್ಯಾಮ್ ವೇಗ ಏರಿಸುವ ಮುನ್ನ ಬೋರ್ಡ್ ನೋಡಿ

ಸಂಪಾದಕರೇ,

ಹತ್ತು-ಹದಿನೈದು ವರ್ಷ ಹಳೆಯ ಕಂಪ್ಯೂಟರಿನ, ಅದು ಶುರುವಾಗುವಾಗಲೇ ತೆರೆಯಬೇಕಾದ ಸೆಟ್ಟಿಂಗ್ ಪರದೆಯಾದ ಬಯಾಸ್‌ಗೆ ಹೋಗಿ ರ‍್ಯಾಮ್ ವೇಗ ಏರಿಸಿದರೆ ಯಂತ್ರ ಹೊಸದರಂತಾಗುತ್ತದೆ ಎಂಬ ಸಲಹೆ ಈಗ ಧಾರಾಳವಾಗಿ ಸಿಗುತ್ತಿದೆ. ಸಲಹೆ ಕೊಡುವವರು ಮದರ್‌ಬೋರ್ಡ್ ಯಾವುದೆಂದು ಕೇಳುವುದೇ ಇಲ್ಲ.

ಡಿಡಿಆರ್3 ಎಂಬ ಹಳೆಯ ಬಗೆಯ ರ‍್ಯಾಮ್ ಕಾಲದ ಇಂಟೆಲ್ ಯಂತ್ರಗಳನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಹೆಚ್ಚಾಗಿ ಮಾರಾಟವಾದ ಎಚ್61 ಬೋರ್ಡಿನಲ್ಲಿ ಐ3-2100 ಪ್ರೊಸೆಸರ್ ಇದ್ದರೆ, 1600ರ (ಸೆಕೆಂಡಿಗೆ 1600 ದಶಲಕ್ಷ ಸಲ ದತ್ತಾಂಶ ಸಾಗಿಸುವ) ರ‍್ಯಾಮ್ ಹಾಕಿದರೂ ಅದು ಓಡುವುದು 1333ರಲ್ಲೇ. ರ‍್ಯಾಮ್ ಕೆಟ್ಟಿಲ್ಲ, ಅಂಗಡಿಯವರು ಮೋಸವನ್ನೂ ಮಾಡಿಲ್ಲ. ಆ ಜೋಡಿಯ ಮಿತಿಯೇ ಅಷ್ಟು. ಇಡೀ ಬೋರ್ಡಿಗೆ ತಾಳ ಕೊಡುವ ಬೇಸ್ ಕ್ಲಾಕನ್ನು 100 ಮೆಗಾಹರ್ಟ್ಸ್‌ನಿಂದ ಮೇಲೆ ತಳ್ಳಿ ದಾರಿ ಹುಡುಕಿದರೆ ಅದೇ ಕ್ಲಾಕಿಗೆ ಕಟ್ಟಿಕೊಂಡ, ಡಿಸ್ಕನ್ನು ಜೋಡಿಸುವ ಸಾಟಾ, ಗ್ರಾಫಿಕ್ಸ್ ಕಾರ್ಡಿನಂಥವನ್ನು ಜೋಡಿಸುವ ಪಿಸಿಐ ಎಕ್ಸ್‌ಪ್ರೆಸ್‌ಗಳೂ ಜತೆಗೇ ಏರುತ್ತವೆ. 103-105 ದಾಟುವಷ್ಟರಲ್ಲಿ ಹಾರ್ಡ್ ಡಿಸ್ಕ್ ತಕರಾರು ಶುರು.

ಪಿ67, ಝಡ್68, ಝಡ್77 ಬೋರ್ಡುಗಳಲ್ಲಿ ರ‍್ಯಾಮ್ ವೇಗವನ್ನು ಬೇರೆಯಾಗಿಯೇ ಆರಿಸಬಹುದು. ಅಲ್ಲಿ 1333ರ ರ‍್ಯಾಮನ್ನು 1600ಕ್ಕೆ ಒಯ್ಯುವಾಗ ಟೈಮಿಂಗ್ (ರ‍್ಯಾಮ್ ಕೆಲಸದ ನಡುವೆ ಕಾಯುವ ಕ್ಲಾಕ್ ಎಣಿಕೆಗಳು) 9-9-9-24 ಹಾಗೇ ಬಿಟ್ಟರೆ ಹಲವು ಸ್ಟಿಕ್‌ಗಳು ಬೂಟ್ ಆಗುವುದಿಲ್ಲ. 11-11-11-28 ಕೊಟ್ಟು, ಕಮಾಂಡ್ ರೇಟ್ (ಆದೇಶ ಕೊಡುವ ಮುನ್ನ ಕಾಯುವ ಎಣಿಕೆ) 2ಟಿ ಇಟ್ಟು ಶುರುಮಾಡಿ. ಸ್ಥಿರವಾಗಿ ಓಡಿದರೆ ಒಂದೊಂದೇ ಅಂಕಿ ಇಳಿಸಿ. ಲೆಕ್ಕ ಹಾಕಿ ನೋಡಿ: 1333ರಲ್ಲಿ ಸಿಎಲ್ (ಟೈಮಿಂಗಿನ ಮೊದಲ ಅಂಕಿ) 9 ಅಂದರೆ 13.5 ನ್ಯಾನೋಸೆಕೆಂಡ್, 1600ರಲ್ಲಿ ಸಿಎಲ್ 11 ಅಂದರೆ 13.75. ಕಾಯುವ ಹೊತ್ತು ಕಡಿಮೆಯಾಗಲಿಲ್ಲ, ಸೆಕೆಂಡಿಗೆ ಸಾಗುವ ದತ್ತಾಂಶದ ಹರಿವು ಮಾತ್ರ ಶೇ 20ರಷ್ಟು ಹೆಚ್ಚಿತು. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದವರಿಗೆ ಆಟದಲ್ಲಿ ಇದು ಕಾಣಿಸೀತು, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡುವವರಿಗಲ್ಲ.

ವೋಲ್ಟೇಜ್ ವಿಷಯದಲ್ಲಿ ಧೈರ್ಯ ಬೇಡ. ಡಿಡಿಆರ್3ಯ ಮಟ್ಟ 1.5 ವೋಲ್ಟ್, 1.575 ದಾಟಬೇಡಿ. ರ‍್ಯಾಮನ್ನು ನಡೆಸುವ ಮೆಮೊರಿ ಕಂಟ್ರೋಲರ್ ಈ ಪೀಳಿಗೆಯಲ್ಲಿ ಪ್ರೊಸೆಸರಿನೊಳಗೇ ಇದೆ, ಏಟು ಬಿದ್ದರೆ ಅದಕ್ಕೂ ಬೀಳುತ್ತದೆ.

ಪರದೆ ಕಪ್ಪಾಗಿಯೇ ಉಳಿದರೆ ಗಾಬರಿ ಬೇಡ. ಪವರ್ ಕೇಬಲ್ ಕಿತ್ತು, ಬಯಾಸ್ ಸೆಟ್ಟಿಂಗ್ ಅಳಿಸುವ, ಬೋರ್ಡಿನ ಕ್ಲಿಯರ್ ಸಿಮಾಸ್ ಜಂಪರನ್ನು (ಪಿನ್ನುಗಳನ್ನು ಬೆಸೆಯುವ ಪುಟ್ಟ ಟೊಪ್ಪಿ) ಹತ್ತು ಸೆಕೆಂಡ್ ಬದಲಿಸಿ ಹಿಡಿಯಿರಿ, ಇಲ್ಲವೇ ಬೋರ್ಡಿನ ಮೇಲಿನ ಗುಂಡಿಯಂಥ ಸಿಆರ್2032 ಸೆಲ್ ತೆಗೆದು ಐದು ನಿಮಿಷ ಬಿಡಿ. ನಿಜವಾದ ಅಪಾಯ ಬೂಟ್ ಆಗುವ ಯಂತ್ರದಲ್ಲಿದೆ. ಈ ಬೋರ್ಡುಗಳಲ್ಲಿ ತಪ್ಪು ತಿದ್ದುವ ಇಸಿಸಿ ಇಲ್ಲ. ರ‍್ಯಾಮಿನಲ್ಲಿ ಒಂದು ಬಿಟ್ ಮಗುಚಿದರೂ ಆ ತಪ್ಪೇ ಸದ್ದಿಲ್ಲದೆ ಡಿಸ್ಕಿಗೆ ಬರೆದುಹೋಗುತ್ತದೆ. ಆದ್ದರಿಂದ ವಿಂಡೋಸ್ ತೆರೆಯುವ ಮೊದಲೇ ಪೆನ್‌ಡ್ರೈವಿನಿಂದ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಪ್ಲಸ್ ಓಡಿಸಿ, ಕನಿಷ್ಠ ನಾಲ್ಕು ಸುತ್ತು, ರಾತ್ರಿಯಿಡೀ ಆದರೂ ಸರಿ. ತಪ್ಪು ತೋರಿಸುವ ಒಂದೇ ಒಂದು ಕೆಂಪು ಸಾಲು ಬಂದರೂ ಆ ವೇಗ ನಿಮ್ಮದಲ್ಲ.

ಇಷ್ಟೆಲ್ಲ ಪಾಡಿಗಿಂತ ಖಾಲಿ ಸ್ಲಾಟಿಗೆ ಅದೇ ಅಳತೆಯ ಇನ್ನೊಂದು ಸ್ಟಿಕ್ ಹಾಕುವುದು ಮೇಲು. 1333ರ ಒಂದೇ ಸ್ಟಿಕ್ಕಿನ ಹರಿವು ಸೆಕೆಂಡಿಗೆ 10.67 ಜಿಬಿ, ಎರಡಾದರೆ ಎರಡೂ ಒಟ್ಟಿಗೆ ದುಡಿಯುವ ಡ್ಯುಯಲ್ ಚಾನೆಲ್‌ನಲ್ಲಿ 21.3. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ಸ್ಟಿಕ್ ಕೊಳ್ಳುವವರು ಚಿನ್ನದ ಬಣ್ಣದ ಪಿನ್ನುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಪುಡಿ ಒರೆಸಿ ಹಾಕಲಿ. ಇನ್ನು ಅಂಗಡಿ ಲೆಕ್ಕ, ಮಕ್ಕಳ ಫೋಟೊ ಇರುವ ಯಂತ್ರವನ್ನು 1333ರಲ್ಲೇ ಬಿಟ್ಟುಬಿಡಿ.

– ಹಾರ್ಡ್‌ವೇರ್ ತಂತ್ರಜ್ಞ, ಬೆಂಗಳೂರು