ಶನಿವಾರದ ಜರ್ಮನ್ ಪಾಠಕ್ಕೆ ಮುಂಚೆ ಓದಿಕೊಂಡು ಬನ್ನಿ

ಎಲ್ಲರಿಗೂ ನಮಸ್ಕಾರ. ಈ ವಾರದ ಪಾಠ ಜರ್ಮನ್ ಪದಗಳ ಮೊದಲಿಗೂ ಕೊನೆಗೂ ಅಂಟುವ ತುಣುಕುಗಳ ಬಗ್ಗೆ.

‘ಕೌಫೆನ್’ ಅಂದರೆ ಕೊಳ್ಳುವುದು. ಮೊದಲಿಗೆ ‘ಫೆರ್’ ಹಾಕಿದರೆ ‘ಫೆರ್‌ಕೌಫೆನ್’, ಅಂದರೆ ಮಾರುವುದು! ‘ಐನ್’ ಹಾಕಿದರೆ ಅಂಗಡಿಯಿಂದ ಸಾಮಾನು ತರುವುದು. ಆದರೆ ಇವೆರಡರ ಸ್ವಭಾವ ಬೇರೆ. ‘ಫೆರ್’ ಕ್ರಿಯಾಪದವನ್ನು ಬಿಟ್ಟು ಕದಲುವುದಿಲ್ಲ. ‘ಐನ್’ ಕಳಚಿಕೊಂಡು ವಾಕ್ಯದ ಕೊನೆಗೆ ಓಡುತ್ತದೆ: ‘ಇಶ್ ಕೌಫೆ ಹೊಯ್ಟೆ ಐನ್’ (ನಾನು ಇವತ್ತು ಸಾಮಾನು ತರುತ್ತೇನೆ). ಭೂತಕಾಲದಲ್ಲೂ ಇದೇ ಗಲಾಟೆ. ‘ಐನ್‌ಗೆಕೌಫ್ಟ್’ನಲ್ಲಿ ನಡುವೆ ‘ಗೆ’ ನುಗ್ಗುತ್ತದೆ, ‘ಫೆರ್‌ಕೌಫ್ಟ್’ನಲ್ಲಿ ಅದಕ್ಕೆ ಜಾಗವೇ ಇಲ್ಲ.

ಕಳಚದವು ಇವು: ಬೆ, ಗೆ, ಎರ್, ಫೆರ್, ತ್ಸೆರ್, ಎಂಟ್, ಎಂಪ್. ಇವುಗಳ ಮೇಲೆ ಒತ್ತು ಬೀಳುವುದಿಲ್ಲ. ಹಾಗಾಗಿ ಸುಮ್ನೆ ಪಟ್ಟಿ ಬಾಯಿಪಾಠ ಮಾಡುವುದಕ್ಕಿಂತ ಉಚ್ಚಾರಣೆ ಕೇಳುವುದೇ ಮೇಲು.

‘ಉಮ್‌ಫಾರೆನ್’ ಬಗ್ಗೆ ಹುಷಾರು. ‘ಉಮ್’ ಮೇಲೆ ಒತ್ತು ಕೊಟ್ಟರೆ ಗಾಡಿ ಗುದ್ದಿ ಬೀಳಿಸುವುದು. ‘ಫಾ’ ಮೇಲೆ ಕೊಟ್ಟರೆ ಸುತ್ತಿಕೊಂಡು ಹೋಗುವುದು. ಎದುರಿಗೆ ಇರುವವರಿಗೆ ಇದು ಸಣ್ಣ ವ್ಯತ್ಯಾಸವಲ್ಲ, ಅಲ್ವಾ?

ಕೊನೆಗೆ ಅಂಟುವವು ಸುಲಭ. ಉಂಗ್, ಹೈಟ್, ಕೈಟ್, ಶಾಫ್ಟ್ ಪ್ರತ್ಯಯ ಬಂದರೆ ಆ ನಾಮಪದಕ್ಕೆ ಲಿಂಗ ತೋರಿಸುವ ಪದ ‘ಡೀ’ (ಸ್ತ್ರೀಲಿಂಗ). ‘ಶೆನ್’ ಬಂದರೆ ‘ದಾಸ್’. ಅದಕ್ಕೇ ಹುಡುಗಿ ಅನ್ನುವ ‘ಮೇಡ್‌ಶೆನ್’ ಕೂಡ ನಪುಂಸಕಲಿಂಗ. ‘ಶ್ಪ್ರುಂಗ್’ (ಜಿಗಿತ) ಮಾತ್ರ ‘ಡೇರ್’ (ಪುಲ್ಲಿಂಗ). ಅಲ್ಲಿ ಉಂಗ್ ಪ್ರತ್ಯಯವಲ್ಲ, ಮೂಲ ಪದದ್ದೇ ಭಾಗ.

‘ಶ್ಟೇಯೆನ್’ (ನಿಲ್ಲುವುದು) ಪದಕ್ಕೆ ಬೆ, ಫೆರ್, ಎಂಟ್, ಔಫ್ ಸೇರಿಸಿ ನಾಲ್ಕು ವಾಕ್ಯ ಬರೆದು ಶುಕ್ರವಾರ ರಾತ್ರಿಯೊಳಗೆ ಇಲ್ಲೇ ಹಾಕಿ. ‘ಉಮ್‌ಫಾರೆನ್’ ಎರಡೂ ಬಗೆಯಲ್ಲಿ ಹೇಳಿ ವಾಯ್ಸ್ ಮೆಸೇಜ್ ಕಳಿಸಿ.