ಒಲೆಯ ಎಕ್ಸಾಸ್ಟ್ ಮತ್ತು ಬೇಸ್‌ಮೆಂಟಿನ ಚಿಮಣಿ

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ಡೆಟ್ರಾಯಿಟ್ ಹತ್ತಿರ ಹಳೆಯ ಮನೆ ಕೊಂಡು, ಚಳಿ ಬರುವ ಮುಂಚೆಯೇ ಮನೆ ಬೆಚ್ಚಗಿಡುವ ಹೊಸ ಫರ್ನೇಸ್ ಹಾಕಿಸಿದ್ದು ಒಳ್ಳೆಯದಾಯಿತು. ಆದರೆ ನೀನು ಕಳಿಸಿದ ಫೋಟೋದಲ್ಲಿ ನನಗೆ ಯೋಚನೆ ಹತ್ತಿಸಿದ್ದು ಅದರ ಪಕ್ಕದ ಹಳೆಯ ಗ್ಯಾಸ್ ವಾಟರ್ ಹೀಟರ್.

ಫರ್ನೇಸಿನ ಎರಡು ಬಿಳಿ ಪಿವಿಸಿ ಪೈಪುಗಳಲ್ಲಿ ಒಂದು ಹೊರಗಿನ ಗಾಳಿ ಎಳೆದುಕೊಳ್ಳುತ್ತದೆ, ಇನ್ನೊಂದು ಹೊಗೆಯನ್ನು ಗೋಡೆಯಾಚೆ ದಬ್ಬುತ್ತದೆ. ಹಿಮ ಬಿದ್ದಾಗ ಅವುಗಳ ಬಾಯಿ ಬಿಡಿಸುತ್ತಿರು, ಸಾಕು. ಹೀಟರಿನ ಪಾಡು ಬೇರೆ. ಅದು ಉರಿಯುವುದು ಬೇಸ್‌ಮೆಂಟಿನ ಗಾಳಿಯಿಂದಲೇ. ಅದರ ಹೊಗೆ ತನ್ನ ಬಿಸಿಯ ಬಲದಿಂದಲೇ ಚಿಮಣಿ ಹತ್ತಬೇಕು. ಇಷ್ಟು ದಿನ ಹಳೆಯ ಫರ್ನೇಸಿನ ಹೊಗೆಯೂ ಅದರಲ್ಲೇ ಹೋಗಿ ಆ ಚಿಮಣಿಯನ್ನು ಬೆಚ್ಚಗಿಟ್ಟಿತ್ತು. ಈಗ ಅಷ್ಟಗಲದ ಇಟ್ಟಿಗೆ ಗೂಡಿಗೆ ಹೀಟರ್ ಒಂದೇ. ತಣ್ಣಗಿನ ಚಿಮಣಿಯಲ್ಲಿ ಹೊಗೆಯ ತೇವ ನೀರಾಗಿ ಇಟ್ಟಿಗೆ ತಿನ್ನುತ್ತದೆ, ಕೆಲವೊಮ್ಮೆ ಹೊಗೆಯೇ ಮನೆಯೊಳಕ್ಕೆ ಮರಳುತ್ತದೆ.

ಸಾಲದ್ದಕ್ಕೆ ನಿನ್ನ ಒಲೆಯ ಎಕ್ಸಾಸ್ಟ್! ಒಗ್ಗರಣೆಯ ಘಾಟು ಸೋಫಾಕ್ಕೆ ಹತ್ತಬಾರದೆಂದು ನಿಮಿಷಕ್ಕೆ 900 ಘನ ಅಡಿ ಗಾಳಿ ಎಳೆಯುವಂಥದ್ದು ಹಾಕಿಸಿದ್ದೀಯಂತೆ. ಕಿಟಕಿಗಳನ್ನು ಬಿಗಿದ ಮನೆಗೆ ಅಷ್ಟು ಗಾಳಿ ಎಲ್ಲಿಂದ ಬರಬೇಕು? ಚಿಮಣಿಯಿಂದಲೇ ಕೆಳಗಿಳಿಯುತ್ತದೆ, ಹೊಗೆಯ ಸಮೇತ. ಇಂಥ ಹೀಟರ್ ಇರುವಲ್ಲಿ ಎಕ್ಸಾಸ್ಟ್ 400 ಘನ ಅಡಿ ದಾಟಿದರೆ ಹೊರಗಾಳಿ ಒಳಬರುವ ಏರ್ಪಾಡು ಬೇಕೆಂದು ವಸತಿ ಕಟ್ಟಡ ನಿಯಮವೇ ಹೇಳುತ್ತದೆ; ಹಾಕಿದವನು ಹೇಳಲಿಲ್ಲವೇ?

ಒಂದು ಪರೀಕ್ಷೆ ಮಾಡು. ಕಿಟಕಿ, ಬಾಗಿಲು ಮುಚ್ಚಿ ಎಕ್ಸಾಸ್ಟ್, ಡ್ರೈಯರ್, ಬಚ್ಚಲಿನ ಫ್ಯಾನ್ ಎಲ್ಲವನ್ನೂ ಹಾಕು. ಬಿಸಿನೀರಿನ ನಲ್ಲಿ ಬಿಟ್ಟು ಹೀಟರ್ ಉರಿಯುವಂತೆ ಮಾಡು. ಐದು ನಿಮಿಷದ ಬಳಿಕ ಹೀಟರಿನ ನೆತ್ತಿಯ ತಗಡಿನ ಟೋಪಿಯ ಅಂಚಿಗೆ ಊದುಬತ್ತಿ ಹಿಡಿ. ಹೊಗೆಯನ್ನು ಟೋಪಿ ಒಳಕ್ಕೆ ಸೆಳೆದುಕೊಳ್ಳಬೇಕು. ನಿನ್ನ ಮುಖಕ್ಕೆ ಬಂದರೆ ಹೀಟರ್ ಆರಿಸಿ ತಂತ್ರಜ್ಞನನ್ನು ಕರೆಸು. ಸೆಳೆದುಕೊಂಡರೂ ಚಿಮಣಿಯೊಳಗೆ ಅಳತೆಗೆ ತಕ್ಕ ಲೋಹದ ಲೈನರ್, ಅಂದರೆ ಒಳಕೊಳವೆ, ಇಳಿಸಬೇಕೇ ಎಂದು ಕೇಳು. ಖರ್ಚೆಂದು ಮುಂದೂಡಬೇಡ.

ಬೆಂಗಳೂರಿನಲ್ಲಿ ಕಿಟಕಿಯಿಲ್ಲದ ಬಚ್ಚಲಿನ ಗ್ಯಾಸ್ ಗೀಸರಿನಿಂದ ಜನ ಸತ್ತ ಸುದ್ದಿ ಓದಿದ್ದೀಯಲ್ಲ, ಇಲ್ಲಿಯೂ ಭಯ ಅದೇ ಕಾರ್ಬನ್ ಮೊನಾಕ್ಸೈಡಿನದು. ಬಣ್ಣವಿಲ್ಲ, ವಾಸನೆಯಿಲ್ಲ. ಮನೆಯವರಿಗೆಲ್ಲ ಒಟ್ಟಿಗೇ ತಲೆನೋವು, ವಾಕರಿಕೆ ಬಂದು, ಹೊರಗೆ ಹೋದೊಡನೆ ಕಡಿಮೆಯಾದರೆ ಫ್ಲೂ ಎಂದುಕೊಳ್ಳಬೇಡ. ಪ್ರತಿ ಮಹಡಿಯಲ್ಲೂ, ಮಲಗುವ ಕೋಣೆಗಳ ಬಳಿಯೂ ಈ ಅನಿಲವನ್ನು ಗುರುತಿಸಿ ಕೂಗುವ ಅಲಾರಂ ಇರಲಿ. ಹಿಂದಿನ ಮಾಲೀಕರು ಬಿಟ್ಟುಹೋದದ್ದರ ಬೆನ್ನಿನಲ್ಲಿ ತಾರೀಖು ನೋಡು, ಅವಕ್ಕೂ ಆಯುಸ್ಸಿದೆ. ಅದು ಕೂಗಿದರೆ ಕಾರಣ ಹುಡುಕುತ್ತಾ ನಿಲ್ಲದೆ ಮಕ್ಕಳನ್ನು ಕರೆದುಕೊಂಡು ಹೊರಗೆ ಹೋಗು, ಅಲ್ಲಿಂದ 911ಕ್ಕೆ ಫೋನ್ ಮಾಡು.

ಇಂತು,
ದೊಡ್ಡಪ್ಪ