ಬ್ಯಾಟ್‌ಮನ್ ಜಗಳದ ಬಗ್ಗೆ

ಎಲ್ಲರಿಗೂ ನಮಸ್ಕಾರ. ‘ಬ್ಯಾಟ್‌ಮನ್ ಕೊಲ್ಲುತ್ತಾನಾ, ಇಲ್ವಾ’ ಅನ್ನೋ ನಮ್ಮ ಗುಂಪಿನ ನಿನ್ನೆಯ ವಾದದಲ್ಲಿ ಎರಡೂ ಕಡೆಯವರು ಸರಿ, ಕಾಲಕ್ಕೆ ತಕ್ಕಂತೆ ಅವನೂ ಬದಲಾಗಿದ್ದಾನೆ. 1939ರ ಮೊದಮೊದಲ ಕಾಮಿಕ್ಸ್ ಕಥೆಗಳಲ್ಲಿ ಅವನ ಹತ್ತಿರ ಪಿಸ್ತೂಲೂ ಇತ್ತು, ಕೇಡಿಗಳು ಸಾಯುತ್ತಲೂ ಇದ್ದರು. ಆಮೇಲೆ ಸಂಪಾದಕ ವಿಟ್ನಿ ಎಲ್ಸ್‌ವರ್ತ್ ಕೊಲೆ ಬೇಡ ಎಂದರು. ಐವತ್ತರ ದಶಕದಲ್ಲಿ ಇದೇ ಮನುಷ್ಯ ಅನ್ಯಗ್ರಹದವರ ಜೊತೆ ಗುದ್ದಾಡಿದ! 1970ರ ಹೊತ್ತಿಗೆ ಕಥೆಗಾರ ಡೆನ್ನಿ ಓನೀಲ್, ಚಿತ್ರಕಾರ ನೀಲ್ ಆಡಮ್ಸ್ ಸೇರಿ ಅವನನ್ನು ಮತ್ತೆ ಕತ್ತಲಿನ, ಗಂಭೀರ ಕಥೆಗಳಿಗೆ ಕರೆತಂದರು. 1986ರಲ್ಲಿ ಫ್ರಾಂಕ್ ಮಿಲ್ಲರ್ ಬರೆದ ಬ್ಯಾಟ್‌ಮನ್ ಅಂತೂ ಐವತ್ತು ದಾಟಿದ ಸಿಡುಕ. ನನ್ನ ಓಟು ಓನೀಲ್ ಅವರಿಗೆ. ಅವರ ಕಥೆಗಳಲ್ಲಿ ಬ್ಯಾಟ್‌ಮನ್ ಪತ್ತೇದಾರಿ ಮಾಡುತ್ತಾನೆ, ಸುಮ್ನೆ ಗುದ್ದೋದಲ್ಲ.

ಇನ್ಮುಂದೆ ಕಾಮಿಕ್ಸ್ ಪುಟದ ಫೋಟೋ ಹಾಕುವಾಗ ವರ್ಷ, ಬರೆದವರ ಹೆಸರು ಎರಡನ್ನೂ ಬರೆಯಿರಿ. ಸಿನಿಮಾ ದೃಶ್ಯಗಳನ್ನು ಸಾಕ್ಷಿಗೆ ತರಬೇಡಿ, ಆ ಗಲಾಟೆಯೇ ಬೇರೆ.